ಪಿಯುಸಿ ನಂತರ ಬಿಎಸ್ಸಿ ನರ್ಸಿಂಗ್: ಕಾಲೇಜಿನ ಕಟ್ಟಡಕ್ಕಿಂತ ಮೊದಲು ಆಸ್ಪತ್ರೆ ನೋಡಿ

ಪಿಯುಸಿ ಫಲಿತಾಂಶ ಬಂತು ಅಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ನರ್ಸಿಂಗ್ ಕಲಿಸುವ ಕೆಲಸದಲ್ಲಿ ಇದ್ದೇನೆ ಅಂತ ಗೊತ್ತಿರುವ ನೆಂಟರು, ಊರಿನವರು, ಅವರ ಪರಿಚಯದವರು ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಮಗಳನ್ನ ನರ್ಸಿಂಗ್‌ಗೆ ಸೇರಿಸಬೇಕು, ಯಾವ ಕಾಲೇಜು ಒಳ್ಳೇದು? ಏಜೆಂಟ್ ಒಬ್ಬರು ಸೀಟು ಕೊಡಿಸ್ತೀನಿ ಅಂತಿದ್ದಾರೆ, ಅಡ್ವಾನ್ಸ್ ಕೊಡ್ಲಾ?" ಒಬ್ಬೊಬ್ಬರಿಗೂ ಅರ್ಧ ಗಂಟೆ ಹೇಳುತ್ತಿದ್ದುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಅಡ್ವಾನ್ಸ್ ಪ್ರಶ್ನೆಗೆ ಉತ್ತರ ಈಗಲೇ ಹೇಳಿಬಿಡುತ್ತೇನೆ: ಕೊಡಬೇಡಿ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಇದು ಕರ್ನಾಟಕದಲ್ಲಿ ಓದುವವರಿಗಾಗಿ ಬರೆದದ್ದು. ಹುಡುಗರೂ ಓದಿ. ಬಿಎಸ್ಸಿ ನರ್ಸಿಂಗ್‌ಗೆ ಗಂಡುಮಕ್ಕಳೂ ಸೇರಬಹುದು.

ಹಂತ 1: ಯಾವ ಕೋರ್ಸು ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ

"ನರ್ಸಿಂಗ್" ಅನ್ನುವ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ದಾರಿಗಳಿವೆ.

ಎಎನ್‌ಎಂ (ಆಕ್ಸಿಲರಿ ನರ್ಸ್ ಮಿಡ್‌ವೈಫ್) 2 ವರ್ಷದ ಕೋರ್ಸು, ಹೆಣ್ಣುಮಕ್ಕಳಿಗೆ ಮಾತ್ರ. ಊರಿನ ಉಪಕೇಂದ್ರದಲ್ಲಿ ತಾಯಿ ಮಕ್ಕಳ ಆರೋಗ್ಯ, ಲಸಿಕೆ ನೋಡಿಕೊಳ್ಳುವ ಸಹಾಯಕಿಯರ ತರಬೇತಿ ಇದು. ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) 3 ವರ್ಷದ ಡಿಪ್ಲೊಮಾ. ಪಿಯುಸಿಯಲ್ಲಿ ಆರ್ಟ್ಸ್, ಕಾಮರ್ಸ್ ಓದಿದವರೂ ಸೇರಬಹುದು, ಇಂಗ್ಲಿಷ್ ಒಂದು ವಿಷಯವಾಗಿರಬೇಕು, 40% ಅಂಕ ಬೇಕು. ಬಿಎಸ್ಸಿ ನರ್ಸಿಂಗ್ 4 ವರ್ಷದ ಪದವಿ, ಒಟ್ಟು 8 ಸೆಮಿಸ್ಟರ್, ಸೈನ್ಸ್ ಓದಿದವರಿಗೆ ಮಾತ್ರ.

ಸೈನ್ಸ್ ಓದಿದ್ದೀರಾ, ಮನೆಯ ಪರಿಸ್ಥಿತಿ 4 ವರ್ಷ ತಡೆಯುತ್ತದಾ? ಹಾಗಾದರೆ ಬಿಎಸ್ಸಿಗೇ ಹೋಗಿ. ಒಂದು ವರ್ಷ ಉಳಿಸಲು ಜಿಎನ್‌ಎಂ ಸೇರಿ ಆಮೇಲೆ ಪರಿತಪಿಸುವವರನ್ನು ಜಾಸ್ತಿ ನೋಡಿದ್ದೇನೆ. ಉದಾಹರಣೆಗೆ ಏಮ್ಸ್‌ನಂಥ ಕೇಂದ್ರದ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಹುದ್ದೆಗೆ ನಡೆಯುವ ನಾರ್ಸೆಟ್ ಪರೀಕ್ಷೆಯನ್ನು ಬಿಎಸ್ಸಿ ಆದವರು ಅನುಭವ ಇಲ್ಲದೆಯೂ ಬರೆಯಬಹುದು. ಜಿಎನ್‌ಎಂ ಆದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು. ಹಾಗಂತ ಜಿಎನ್‌ಎಂ ಮಾಡಿದವರ ದಾರಿ ಮುಚ್ಚಿಹೋಗುವುದಿಲ್ಲ. 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿ ಪದವಿ ಪಡೆಯಬಹುದು.

ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್, ಆಪರೇಷನ್ ಥಿಯೇಟರ್ ಇಂಥ ಕೋರ್ಸುಗಳನ್ನು ನರ್ಸಿಂಗ್ ಜೊತೆ ಬೆರೆಸಿಕೊಳ್ಳಬೇಡಿ. ಅವು ಅಲೈಡ್ ಹೆಲ್ತ್ ಸೈನ್ಸ್ ಅನ್ನುವ ಬೇರೆ ಗುಂಪು, ಅವುಗಳ ಕೌನ್ಸಿಲ್ (ಮಾನ್ಯತೆ, ನೋಂದಣಿ ನೋಡಿಕೊಳ್ಳುವ ಮಂಡಳಿ) ಬೇರೆ, ಮುಂದಿನ ಕೆಲಸವೂ ಬೇರೆ. "ಈ ಕೋರ್ಸು ಮಾಡಿದರೂ ನರ್ಸ್ ಆಗಬಹುದು" ಅಂತ ಯಾರಾದರೂ ಹೇಳಿದರೆ ಅದು ಸುಳ್ಳು. ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗದೆ ಯಾರೂ ನರ್ಸ್ ಆಗುವುದಿಲ್ಲ.

ಹಂತ 2: ಅರ್ಹತೆ ಮತ್ತು ಕಾಗದ

ಬಿಎಸ್ಸಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಸೇರಿ 45% ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ 40%. ಇಂಗ್ಲಿಷ್ ಪಾಸಾಗಿರಬೇಕು. ಗಣಿತ ಬೇಕಿಲ್ಲ. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು.

ಇಲ್ಲಿ ಎಡವುವುದು ಒಂದು ಲೆಕ್ಕದಲ್ಲಿ. ಮಾರ್ಕ್ಸ್ ಕಾರ್ಡಿನ ಒಟ್ಟು ಶೇಕಡಾ ಎಷ್ಟು ಅನ್ನುವುದು ಇಲ್ಲಿ ಮುಖ್ಯವಲ್ಲ. ಕನ್ನಡದಲ್ಲಿ 95 ಬಂದು ಒಟ್ಟು 60% ಇದ್ದರೂ ಆ ಮೂರು ವಿಷಯ ಸೇರಿ 44% ಆದರೆ ಅರ್ಹತೆ ಇಲ್ಲ. ಮೂರನ್ನೂ ಕೂಡಿಸಿ ನೀವೇ ಲೆಕ್ಕ ಹಾಕಿ ನೋಡಿ. ಕಡಿಮೆ ಬಿದ್ದರೆ ಪಿಯು ಮರುಪರೀಕ್ಷೆಯಲ್ಲಿ ಅಂಕ ಹೆಚ್ಚಿಸಿಕೊಳ್ಳಲು ಆಗುತ್ತದಾ ಅಂತ ಕೂಡಲೇ ಕಾಲೇಜಿನಲ್ಲಿ ವಿಚಾರಿಸಿ.

ಕಾಗದಗಳ ವಿಷಯಕ್ಕೆ ಬರೋಣ. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ವ್ಯಾಸಂಗ ಪ್ರಮಾಣಪತ್ರ, ಮೀಸಲಾತಿ ಕೇಳುವವರಿಗೆ ಜಾತಿ ಆದಾಯ ಪ್ರಮಾಣಪತ್ರ. ವ್ಯಾಸಂಗ ಪ್ರಮಾಣಪತ್ರ ಅಂದರೆ ಯಾವ ವರ್ಷ ಯಾವ ಶಾಲೆಯಲ್ಲಿ ಓದಿದ್ದೀರಿ ಅಂತ ಶಾಲೆಯವರು ಬರೆದುಕೊಟ್ಟು, ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಓ, ಮೇಲುಸಹಿ ಹಾಕುವ ಕಾಗದ. 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರು ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರು ಕನ್ನಡ ಮಾಧ್ಯಮದ ಮೀಸಲಾತಿ ಕೇಳುವುದು ಇದರ ಮೇಲೆಯೇ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಈ ಏಳು ಜಿಲ್ಲೆಯವರು ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾದ 371 ಜೆ ಅರ್ಹತಾ ಪ್ರಮಾಣಪತ್ರವನ್ನು ಮರೆಯಬೇಡಿ. ಅದನ್ನು ಕೊಡುವುದು ಉಪವಿಭಾಗಾಧಿಕಾರಿ ಕಚೇರಿ.

ಜಾತಿ ಆದಾಯ ಪ್ರಮಾಣಪತ್ರದ ಮೇಲೆ ಆರ್‌ಡಿ ಅಂತ ಶುರುವಾಗುವ ಒಂದು ಉದ್ದ ಸಂಖ್ಯೆ ಇರುತ್ತದೆ. ಅರ್ಜಿಯಲ್ಲಿ ತುಂಬಬೇಕಾದದ್ದು ಆ ಸಂಖ್ಯೆಯನ್ನೇ. ಒಂದು ಅಂಕಿ ತಪ್ಪಿದರೂ, ಹೆಸರಿನ ಇನಿಷಿಯಲ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇದ್ದರೂ ಪರಿಶೀಲನೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಇದೆಲ್ಲ ಪಿಯುಸಿ ಎರಡನೇ ವರ್ಷದ ದಸರಾ ರಜೆಯಲ್ಲೇ ಮುಗಿಸಿ. ಏಪ್ರಿಲ್, ಮೇ ತಿಂಗಳಲ್ಲಿ ನಾಡಕಚೇರಿಯ ಮುಂದೆ ಎಷ್ಟು ಜನ ಇರುತ್ತಾರೆ ಅಂತ ಗೊತ್ತಲ್ವಾ?

ಹಂತ 3: ಸಿಇಟಿ ಬರೆಯಿರಿ

ಇದು ಬಹಳ ಮನೆಗಳಿಗೆ ಇನ್ನೂ ತಲುಪಿಲ್ಲ. ಮೊದಲು ಬಿಎಸ್ಸಿ ನರ್ಸಿಂಗ್‌ಗೆ ನೇರ ಕಾಲೇಜಿಗೆ ಹೋಗಿ ಸೇರುತ್ತಿದ್ದರು. 2023ರಿಂದ ಸಿಇಟಿ ಮೂಲಕವೂ ಸೀಟು ಹಂಚಿಕೆ ಶುರುವಾಗಿದೆ. ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಸರ್ಕಾರಿ ಕಾಲೇಜಿನ ಸೀಟಿಗೂ ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟಿಗೂ ಇದೇ ಬಾಗಿಲು. "ನಮಗೆ ಇಂಜಿನಿಯರಿಂಗ್ ಬೇಡ, ಸಿಇಟಿ ಯಾಕೆ" ಅಂತ ಅರ್ಜಿಯನ್ನೇ ಹಾಕದವರು ಆಮೇಲೆ ಮ್ಯಾನೇಜ್‌ಮೆಂಟ್ ಸೀಟಿಗೆ ದುಡ್ಡು ಹೊಂದಿಸುತ್ತಾ ಕೂರುತ್ತಾರೆ.

ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಬಯಾಲಜಿ ಪರೀಕ್ಷೆಗೆ ಹಾಜರಾಗಲೇಬೇಕು. ಅರ್ಜಿಗೆ ಕೊಡುವ ಮೊಬೈಲ್ ನಂಬರ್ ನಿಮ್ಮದೇ ಆಗಿರಲಿ, ಒಟಿಪಿ ಅದಕ್ಕೇ ಬರುತ್ತದೆ. ಸೈಬರ್ ಸೆಂಟರಿನವರ ನಂಬರ್ ಕೊಟ್ಟು ಕೌನ್ಸೆಲಿಂಗ್ ದಿನ ಅವರ ಅಂಗಡಿ ಬಾಗಿಲಲ್ಲಿ ಕಾಯುವ ಪಾಡು ಬೇಡ. ಪಾಸ್‌ವರ್ಡನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಕೆಇಎ ಬಿಟ್ಟು ಬೇರೆ ದಾರಿಗಳೂ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಿಎಸ್ಸಿ ನರ್ಸಿಂಗ್ ಇದೆ, ಅದರ ಪ್ರಕಟಣೆ ಪ್ರತ್ಯೇಕ. ಸೇನೆಯ ನರ್ಸಿಂಗ್ ಕಾಲೇಜುಗಳಲ್ಲಿ ಒಂದು ಬೆಂಗಳೂರಿನ ವಾಯುಪಡೆ ಕಮಾಂಡ್ ಆಸ್ಪತ್ರೆಯಲ್ಲಿದೆ. ಅದು ಹೆಣ್ಣುಮಕ್ಕಳಿಗೆ ಮಾತ್ರ, ನೀಟ್ ಬರೆದಿರಬೇಕು, ಮುಗಿದ ಮೇಲೆ ಸೇನೆಯಲ್ಲಿ ಸೇವೆ ಮಾಡುವ ಒಪ್ಪಂದ ಇರುತ್ತದೆ. ಚೆನ್ನಾಗಿ ಓದುವ, ಗಟ್ಟಿ ಮನಸ್ಸಿನ ಹುಡುಗಿಯರಿಗೆ ಇದು ಬಹಳ ಒಳ್ಳೆಯ ಅವಕಾಶ. ಆದರೂ ಕೇಳಿಕೊಂಡು ಬರುವವರು ಕಡಿಮೆ.

ಹಂತ 4: ಕಾಲೇಜು ನೋಡುವ ರೀತಿ

ಇದಕ್ಕೆ ಸಮಯ ಕೊಡಿ. ಉಳಿದ ಎಲ್ಲ ಹಂತಗಳಿಗಿಂತ ಇದಕ್ಕೆ ಜಾಸ್ತಿ ಕೊಡಿ.

ಮೊದಲು ಮಾನ್ಯತೆ. ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆಯಾ, ಅಥವಾ ಡೀಮ್ಡ್ ವಿಶ್ವವಿದ್ಯಾಲಯದ್ದಾ? ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯಾ? ಭಾರತೀಯ ನರ್ಸಿಂಗ್ ಕೌನ್ಸಿಲ್ ವಿಷಯವನ್ನೂ ಕೇಳಿ, ಮುಂದೆ ಹೊರರಾಜ್ಯ, ಹೊರದೇಶದ ಆಲೋಚನೆ ಇರುವವರು ತಪ್ಪದೆ ಕೇಳಿ. ಮಾನ್ಯತೆ ಯಾವ ಸಾಲಿನದು, ಎಷ್ಟು ಸೀಟಿಗೆ ಅನ್ನುವುದನ್ನು ಕಾಗದದಲ್ಲೇ ನೋಡಿ. ಗೋಡೆಗೆ ಫ್ರೇಮ್ ಹಾಕಿ ತೂಗುಹಾಕಿದ್ದು ಎಷ್ಟೋ ವರ್ಷ ಹಳೆಯದಿರಬಹುದು.

ಆಮೇಲೆ ಆಸ್ಪತ್ರೆ. ನರ್ಸಿಂಗ್ ಕಲಿಯುವುದು ರೋಗಿಯ ಹಾಸಿಗೆಯ ಪಕ್ಕದಲ್ಲಿ. ಬಿಎಸ್ಸಿ ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಮಾತೃ ಆಸ್ಪತ್ರೆ ಇರಬೇಕು ಅನ್ನುವುದು ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಯಮ. ಮಾತೃ ಆಸ್ಪತ್ರೆ ಅಂದರೆ ಕಾಲೇಜು ನಡೆಸುವವರದ್ದೇ ಆಸ್ಪತ್ರೆ. ಹಾಸಿಗೆ ಇದ್ದರೆ ಸಾಲದು, ಹಾಸಿಗೆಯಲ್ಲಿ ರೋಗಿ ಇರಬೇಕು.

ಹೀಗೆ ಮಾಡಿ. ಕಾಲೇಜಿಗೆ ಹೇಳದೆ, ಭಾನುವಾರ ಅಥವಾ ರಜೆ ಅಲ್ಲದ ಒಂದು ದಿನ ಬೆಳಿಗ್ಗೆ 10 ಗಂಟೆಗೆ ಆ ಆಸ್ಪತ್ರೆಗೆ ಹೋಗಿ. ಹೊರರೋಗಿಗಳ ಸಾಲು ಎಷ್ಟಿದೆ ನೋಡಿ. ಔಷಧಿ ಅಂಗಡಿ ಮುಂದೆ ಐದು ನಿಮಿಷ ನಿಲ್ಲಿ. ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ಯೂನಿಫಾರ್ಮ್ ಹಾಕಿದ ವಿದ್ಯಾರ್ಥಿನಿಯರನ್ನು ಮಾತಾಡಿಸಿ. "ಹೆರಿಗೆ ಎಷ್ಟು ನೋಡಿದ್ದೀರಿ? ಮಕ್ಕಳ ವಾರ್ಡಿಗೆ ಎಲ್ಲಿ ಹೋಗ್ತೀರಿ? ಮಾನಸಿಕ ಆರೋಗ್ಯದ ಪೋಸ್ಟಿಂಗ್ ಎಲ್ಲಿ? ಬಸ್ಸು ಕಾಲೇಜಿನವರೇ ಕೊಡ್ತಾರಾ?" ಈ ನಾಲ್ಕು ಪ್ರಶ್ನೆಗೆ ಮೂರನೇ ವರ್ಷದ ಹುಡುಗಿ ಕೊಡುವ ಉತ್ತರ ಯಾವ ಬ್ರೋಷರಿನಲ್ಲೂ ಸಿಗುವುದಿಲ್ಲ. ಪೋಸ್ಟಿಂಗ್ ಅಂದರೆ ನಿಗದಿತ ವಾರಗಳ ಕಾಲ ಒಂದು ವಿಭಾಗದಲ್ಲಿ ನಿಂತು ಕೆಲಸ ಕಲಿಯುವುದು. ಆಕೆ "ಹೆಚ್ಚಾಗಿ ಕ್ಲಾಸಲ್ಲೇ ಇರ್ತೀವಿ, ರೆಕಾರ್ಡ್ ನೋಡ್ಕೊಂಡು ಬರೀತೀವಿ" ಅಂದರೆ ಆ ಕಾಲೇಜನ್ನು ಪಟ್ಟಿಯಿಂದ ತೆಗೆಯಿರಿ. ಅಲ್ಲಿ ಓದಿ ಬಂದವರಿಗೆ ಮೊದಲ ನೈಟ್ ಡ್ಯೂಟಿಯಲ್ಲಿ ಕೈ ನಡುಗುತ್ತದೆ. ಅದು ಆ ಮಕ್ಕಳ ತಪ್ಪಲ್ಲ, ರೋಗಿಯನ್ನೇ ತೋರಿಸದವರ ತಪ್ಪು.

"ಕಾಲೇಜಿಗೆ ಬರೋದೇ ಬೇಡ, ಹಾಜರಾತಿ ನಾವು ನೋಡ್ಕೋತೀವಿ" ಅನ್ನುವ ಮಾತು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ನಿಯಮದ ಪ್ರಕಾರ ಪರೀಕ್ಷೆಗೆ ಕೂರಲು 80% ಹಾಜರಾತಿ ಬೇಕು, ಪದವಿ ಕೈಗೆ ಬರಬೇಕಾದರೆ ಪ್ರಾಯೋಗಿಕ ತರಬೇತಿ 100% ಪೂರ್ತಿಯಾಗಿರಬೇಕು.

ಕಾಲೇಜಿನವರು ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತಾರಾ, ಮುಗಿದ ಮೇಲೆ ಅಲ್ಲೇ ಕೆಲಸ ಮಾಡಬೇಕು ಅಂತ ಬಾಂಡ್ ಬರೆಸಿಕೊಳ್ಳುತ್ತಾರಾ ಅಂತಲೂ ಕೇಳಿ. ಇಂಥ ಬಾಂಡ್ ಪದ್ಧತಿ ಬೇಡ ಅಂತ ಭಾರತೀಯ ನರ್ಸಿಂಗ್ ಕೌನ್ಸಿಲ್ಲೇ ಹೇಳಿದೆ. ಪರಿಶೀಲನೆಗೆ ಮೂಲಪ್ರತಿ ಕೊಡಬೇಕಾಗಿ ಬಂದರೆ ಪ್ರತಿಯೊಂದರ ಹೆಸರು ಬರೆದ ಸ್ವೀಕೃತಿ ಪತ್ರ ಪಡೆಯಿರಿ, ಮೊದಲೇ ಐದಾರು ದೃಢೀಕೃತ ನಕಲು ಮಾಡಿಸಿಡಿ. ಏಜೆಂಟ್‌ಗೆ ಅಡ್ವಾನ್ಸ್ ಕೊಡಬೇಡಿ ಅಂದಿದ್ದೂ ಇದಕ್ಕೇ. ಆತ ದುಡ್ಡಿನ ಜೊತೆ ಮೂಲ ಅಂಕಪಟ್ಟಿಯನ್ನೂ ಕೇಳುತ್ತಾನೆ. ಅಂಕಪಟ್ಟಿ ಅವನ ಕೈ ಸೇರಿದ ಮೇಲೆ ಸರ್ಕಾರಿ ಸೀಟು ಸಿಕ್ಕರೂ ಸೇರಲು ನಿಮ್ಮ ಬಳಿ ಕಾಗದ ಇರುವುದಿಲ್ಲ.

ಹಂತ 5: ಆಪ್ಷನ್ ಎಂಟ್ರಿ

ನಿಮಗೆ ಬೇಕಾದ ಕಾಲೇಜುಗಳನ್ನು ಕೆಇಎ ಪೋರ್ಟಲ್‌ನಲ್ಲಿ ಕ್ರಮವಾಗಿ ತುಂಬುವುದೇ ಆಪ್ಷನ್ ಎಂಟ್ರಿ. ಕಂಪ್ಯೂಟರ್ ಮೇಲಿನಿಂದ ಕೆಳಗೆ ನೋಡುತ್ತಾ ಬರುತ್ತದೆ, ನಿಮ್ಮ ರ‍್ಯಾಂಕಿಗೆ ಮೊದಲು ಸಿಗುವುದನ್ನು ಕೊಡುತ್ತದೆ. ಹಾಗಾಗಿ "ಸಿಗುತ್ತೋ ಇಲ್ಲವೋ" ಅಂತ ಇಷ್ಟದ ಕಾಲೇಜನ್ನು ಕೆಳಗೆ ಹಾಕಬೇಡಿ. ಮೇಲೆ ಹಾಕಿದರೆ ನಷ್ಟ ಏನೂ ಇಲ್ಲ. ಸೇರಲು ಮನಸ್ಸೇ ಇಲ್ಲದ ಕಾಲೇಜನ್ನು ಮಾತ್ರ ಪಟ್ಟಿಗೇ ಸೇರಿಸಬೇಡಿ. ಅಣಕು ಹಂಚಿಕೆ, ಅಂದರೆ ಯಾವ ಸೀಟು ಸಿಗಬಹುದು ಅಂತ ತೋರಿಸುವ ಪ್ರಾಯೋಗಿಕ ಪಟ್ಟಿ, ಬಂದ ಮೇಲೆ ಕ್ರಮ ಬದಲಿಸಲು ಅವಕಾಶ ಇರುತ್ತದೆ.

ಸೀಟು ಬಂದ ಮೇಲೆ ನಾಲ್ಕು ಚಾಯ್ಸ್:

ಚಾಯ್ಸ್ 1: ಸೀಟು ಒಪ್ಪಿಗೆ, ಸೇರುತ್ತೇನೆ, ಮುಂದಿನ ಸುತ್ತು ಬೇಡ.
ಚಾಯ್ಸ್ 2: ಸೀಟು ಸರಿ, ಆದರೆ ಪಟ್ಟಿಯಲ್ಲಿ ಇದಕ್ಕಿಂತ ಮೇಲಿರುವುದು ಸಿಕ್ಕರೆ ಅಲ್ಲಿಗೆ ಹೋಗುತ್ತೇನೆ.
ಚಾಯ್ಸ್ 3: ಈ ಸೀಟು ಬೇಡ, ಮುಂದಿನ ಸುತ್ತಿನಲ್ಲಿ ನೋಡುತ್ತೇನೆ.
ಚಾಯ್ಸ್ 4: ಸೀಟೂ ಬೇಡ, ಮುಂದಿನ ಸುತ್ತೂ ಬೇಡ.

ಚಾಯ್ಸ್ 3 ಒತ್ತಿದರೆ ಕೈಯಲ್ಲಿದ್ದ ಸೀಟು ಹೋಗುತ್ತದೆ. ಮತ್ತೆ ಅದೇ ಬರುತ್ತದೆ ಅನ್ನುವ ಭರವಸೆ ಇಲ್ಲ. ಚಾಯ್ಸ್ 2ರಲ್ಲಿ ಮೇಲಿನ ಕಾಲೇಜು ಸಿಕ್ಕರೆ ಹಳೆಯದು ತಾನಾಗಿ ರದ್ದಾಗುತ್ತದೆ, "ಹಳೇದೇ ಇರಲಿ" ಅನ್ನಲು ಬರುವುದಿಲ್ಲ. ಶುಲ್ಕ ಕಟ್ಟುವ ಕೊನೆ ದಿನಾಂಕ, ಕೊನೆಯ ಸುತ್ತಿನ ನಿಯಮ ಆ ವರ್ಷದ ಪ್ರಕಟಣೆಯಲ್ಲೇ ಓದಿ, ಹೋದ ವರ್ಷದವರನ್ನು ಕೇಳಿ ನಡೆಯಬೇಡಿ.

ಹಂತ 6: ದುಡ್ಡು

"ವರ್ಷಕ್ಕೆ ಎಷ್ಟು" ಅಂತ ಕೇಳಬೇಡಿ. "4 ವರ್ಷಕ್ಕೆ ಎಲ್ಲ ಸೇರಿ ಎಷ್ಟು, ಬರೆದು ಕೊಡಿ" ಅಂತ ಕೇಳಿ. ಬೋಧನಾ ಶುಲ್ಕದ ಮೇಲೆ ಹಾಸ್ಟೆಲ್, ಯೂನಿಫಾರ್ಮ್, ಶೂ, ಪರೀಕ್ಷಾ ಶುಲ್ಕ, ಬಸ್ಸು, ಹೊರಗಿನ ಆಸ್ಪತ್ರೆ ಪೋಸ್ಟಿಂಗ್ ಶುಲ್ಕ ಅಂತ ಒಂದೊಂದಾಗಿ ಬರುತ್ತವೆ. ರಸೀದಿ ಕೊಡದ ದುಡ್ಡು ಕಟ್ಟಬೇಡಿ.

ರಾಜ್ಯದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಪ್ರತಿ ವರ್ಷ ಅರ್ಜಿ ಹಾಕಬೇಕು, ಒಮ್ಮೆ ಹಾಕಿದರೆ ಮುಗಿಯಲಿಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿರಬೇಕು. ಸುಮ್ನೆ ಆಧಾರ್ ಝೆರಾಕ್ಸ್ ಕೊಟ್ಟು ಬಂದರೆ ಸೀಡಿಂಗ್ ಆದಂತೆ ಅಲ್ಲ, ಸರ್ಕಾರದ ಹಣ ಈ ಖಾತೆಗೇ ಬರಲಿ ಅಂತ ಬ್ಯಾಂಕಿನಲ್ಲಿ ಬೇರೆ ಅರ್ಜಿ ಕೊಟ್ಟು ಜೋಡಿಸಬೇಕು. ವಿದ್ಯಾರ್ಥಿವೇತನ ಬರಲಿಲ್ಲ ಅಂತ ನನ್ನ ಬಳಿ ಬರುವವರಲ್ಲಿ ಬಹಳ ಜನರ ಸಮಸ್ಯೆ ಇದೊಂದೇ. ಅಲ್ಪಸಂಖ್ಯಾತ ಸಮುದಾಯದವರು ಅರಿವು ಸಾಲ ಯೋಜನೆಯನ್ನೂ ವಿಚಾರಿಸಿ.

ಹಂತ 7: ಮೊದಲ ವರ್ಷ ದಾಟುವುದು

ಬಿಟ್ಟು ಹೋಗುವ ಯೋಚನೆ ಬರುವುದು ಹೆಚ್ಚಾಗಿ ಮೊದಲ ಸೆಮಿಸ್ಟರಿನಲ್ಲಿ. ಅನಾಟಮಿ, ಫಿಸಿಯಾಲಜಿ ಒಟ್ಟಿಗೆ ಬರುತ್ತವೆ, ಪಾಠ ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದವರೇ, ಹೆದರಬೇಡಿ. ವೈದ್ಯಕೀಯ ಪದಗಳನ್ನು ಒಡೆದು ನೋಡುವುದು ಕಲಿತರೆ ಅರ್ಧ ಭಾರ ಇಳಿಯುತ್ತದೆ. ಕೊನೆಯಲ್ಲಿ "ಐಟಿಸ್" ಬಂದರೆ ಉರಿಯೂತ. ಗ್ಯಾಸ್ಟ್ರೈಟಿಸ್ ಹೊಟ್ಟೆಯದು, ಹೆಪಟೈಟಿಸ್ ಯಕೃತ್ತಿನದು. "ಎಕ್ಟಮಿ" ಬಂದರೆ ಕತ್ತರಿಸಿ ತೆಗೆಯುವುದು. "ಟ್ಯಾಕಿ" ಅಂದರೆ ವೇಗ, "ಬ್ರಾಡಿ" ಅಂದರೆ ನಿಧಾನ. ದಿನಕ್ಕೆ ಐದು ಪದ ಬರೆದುಕೊಳ್ಳಿ. ಡಾಕ್ಟರ ಚೀಟಿಯ ಭಾಷೆಯನ್ನೂ ಹಾಗೇ ಕಲಿಯಿರಿ: ಬಿ.ಡಿ. ಅಂದರೆ ದಿನಕ್ಕೆ ಎರಡು ಸಲ, ಟಿಡಿಎಸ್ ಅಂದರೆ ಮೂರು ಸಲ, ಎಚ್‌ಎಸ್ ಅಂದರೆ ಮಲಗುವಾಗ, ಎಸ್‌ಒಎಸ್ ಅಂದರೆ ಬೇಕಾದಾಗ ಮಾತ್ರ, ಎನ್‌ಪಿಒ ಅಂದರೆ ಬಾಯಿಂದ ಏನೂ ಕೊಡುವಂತಿಲ್ಲ.

ಕನ್ನಡ ಬರುವುದು ವಾರ್ಡಿನಲ್ಲಿ ನಿಮ್ಮ ದೊಡ್ಡ ಬಲ. ನಿಮ್ಮ ಕ್ಲಾಸಿನಲ್ಲಿ ಕೇರಳದವರು, ಈಶಾನ್ಯ ರಾಜ್ಯದವರು ಇರುತ್ತಾರೆ, ಚೆನ್ನಾಗಿ ಓದುತ್ತಾರೆ. ಆದರೆ ಹಳ್ಳಿಯಿಂದ ಬಂದ ಅಜ್ಜ "ಯಾಕೋ ಸಂಕಟ ಆಗ್ತೈತಿ ಯವ್ವಾ, ಎದ್ಯಾಗ ಹಿಡದಂಗ ಆಗೈತಿ, ಗ್ಯಾಸ್ ಇರಬೇಕು" ಅಂದಾಗ ಅದು ಗ್ಯಾಸ್ ಅಲ್ಲದೆಯೂ ಇರಬಹುದು, ಕೂಡಲೇ ಸಿಸ್ಟರಿಗೆ ಹೇಳಬೇಕು ಅಂತ ಮೊದಲು ಹೊಳೆಯುವುದು ನಿಮಗೆ. ಭಾಷೆ ಬಾರದ ಗೆಳತಿಯರಿಗೆ ಇಂಥ ಮಾತು ಹೇಳಿಕೊಡಿ, ಅವರಿಂದ ಇಂಗ್ಲಿಷ್ ಕಲಿಯಿರಿ.

ಮೊದಲು ಕಲಿಸುವ ಕೆಲಸಗಳು ಸಣ್ಣವು ಅನ್ನಿಸುತ್ತವೆ. ಕೈ ತೊಳೆಯುವುದು, ಹಾಸಿಗೆ ಹಾಸುವುದು, ಬಿಪಿ ನೋಡುವುದು. ಸೋಪು ನೀರಿನಲ್ಲಿ ಕೈ ತೊಳೆಯಲು 40ರಿಂದ 60 ಸೆಕೆಂಡು ಬೇಕು, ಗಡಿಯಾರ ನೋಡಿ ಮಾಡಿ, ಎಷ್ಟು ದೀರ್ಘ ಅಂತ ಗೊತ್ತಾಗುತ್ತದೆ. ಹಾಸಿಗೆಯ ಬಟ್ಟೆಯಲ್ಲಿ ಒಂದು ಸುಕ್ಕು ಉಳಿದರೆ, ಎದ್ದೇಳಲಾಗದೆ ಮಲಗಿದವರ ಬೆನ್ನಿಗೆ ಅದೇ ಗಾಯ ಆಗುತ್ತದೆ. ಬಿಪಿ ನೋಡುವಾಗ ಮೊದಲ ದಿನ ಬಹಳ ಜನರಿಗೆ ಶಬ್ದವೇ ಕೇಳಿಸುವುದಿಲ್ಲ. ಹೆದರಿ ಸುಮ್ಮನೆ 120/80 ಅಂತ ಬರೆದುಬಿಡುತ್ತಾರೆ. ಇದನ್ನು ಒಮ್ಮೆಯೂ ಮಾಡಬೇಡಿ. ಸ್ಟೆತಾಸ್ಕೋಪಿನ ತಲೆ ತಿರುಗುತ್ತದೆ, ಒಂದು ಬದಿ ತೆರೆದಿದ್ದರೆ ಇನ್ನೊಂದು ಬದಿ ಮುಚ್ಚಿರುತ್ತದೆ. ಕಿವಿಗೆ ಹಾಕಿಕೊಂಡು ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿ, ಟಪ್ ಅಂತ ಕೇಳಿಸದಿದ್ದರೆ ತಿರುಗಿಸಿ. ಆಮೇಲೂ ಕೇಳಿಸದಿದ್ದರೆ ಟೀಚರಿಗೆ "ನನಗೆ ಕೇಳಿಸಲಿಲ್ಲ" ಅಂತ ಹೇಳಿ. ಒಳ್ಳೆಯ ಟೀಚರು ಬೈಯುವುದಿಲ್ಲ.

ಸೇರಿದ ವಾರವೇ ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿ. ಮೂರು ಡೋಸು: ಮೊದಲನೆಯದು, ಒಂದು ತಿಂಗಳಿಗೆ ಇನ್ನೊಂದು, ಆರು ತಿಂಗಳಿಗೆ ಕೊನೆಯದು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ. ಸೂಜಿ ಚುಚ್ಚಿಕೊಂಡರೆ ಬೈತಾರೆ ಅಂತ ಮುಚ್ಚಿಡಬೇಡಿ, ಸೋಪು ನೀರಿನಲ್ಲಿ ತೊಳೆದು ಆಗಲೇ ತಿಳಿಸಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಒಳ್ಳೆಯದು.

ಹಂತ 8: ಮುಗಿದ ಮೇಲೆ

8ನೇ ಸೆಮಿಸ್ಟರ್ ಪೂರ್ತಿ ಇಂಟರ್ನ್‌ಶಿಪ್, 22 ವಾರ. ಅದು ಮುಗಿದು ಪದವಿ ಬಂದ ಮೇಲೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿ. ಹೆಸರಿನ ಮುಂದೆ ಆರ್‌ಎನ್, ಆರ್‌ಎಂ ಬರುವುದು ಇದರಿಂದಲೇ, ಅಂದರೆ ನೋಂದಾಯಿತ ನರ್ಸ್, ನೋಂದಾಯಿತ ಸೂಲಗಿತ್ತಿ. "ಮದುವೆ ಆದ ಮೇಲೆ ಮಾಡಿಸ್ತೀನಿ" ಅಂತ ಬಿಟ್ಟು, ಆಮೇಲೆ ಹೆಸರು ವಿಳಾಸ ಬದಲಾಗಿ ಒದ್ದಾಡಬೇಡಿ.

ಸರ್ಕಾರಿ ಆಸ್ಪತ್ರೆಯ ಶುಶ್ರೂಷಾಧಿಕಾರಿ, ರಾಷ್ಟ್ರೀಯ ಆರೋಗ್ಯ ಅಭಿಯಾನದ ಸಮುದಾಯ ಆರೋಗ್ಯ ಅಧಿಕಾರಿ, ನಾರ್ಸೆಟ್, ಖಾಸಗಿ ಆಸ್ಪತ್ರೆ ಹೀಗೆ ದಾರಿಗಳಿವೆ. ಮೊದಲ ಎರಡು ವರ್ಷ ಸಂಬಳಕ್ಕಿಂತ ರೋಗಿಗಳ ಸಂಖ್ಯೆ ನೋಡಿ ಆಸ್ಪತ್ರೆ ಆರಿಸಿ ಅನ್ನುವುದು ನನ್ನ ಸಲಹೆ. ಐಸಿಯು ಅನುಭವ ಸಿಕ್ಕರೆ ಬಿಡಬೇಡಿ.

ಹೊರದೇಶದ ಆಸೆ ಇದ್ದರೆ ಭಾಷೆಯನ್ನು ಮೂರನೇ ವರ್ಷದಿಂದಲೇ ಕಲಿಯಿರಿ. ಜರ್ಮನಿಗೆ ಜರ್ಮನ್ ಭಾಷೆಯ ಬಿ2 ಹಂತ, ಬ್ರಿಟನ್ನಿಗೆ ಐಇಎಲ್‌ಟಿಎಸ್ ಅಥವಾ ಓಇಟಿ ಅನ್ನುವ ಇಂಗ್ಲಿಷ್ ಪರೀಕ್ಷೆ, ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಅನ್ನುವ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ. ಕಳಿಸಿಕೊಡುತ್ತೇನೆ ಅನ್ನುವ ಏಜೆನ್ಸಿಯ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿದೆಯಾ ನೋಡಿ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿ ಅಂತ ಮಿತಿ ಇದೆ, ಅದಕ್ಕೂ ರಸೀದಿ ಕೊಡಬೇಕು. ಲಕ್ಷಗಳಲ್ಲಿ ಕೇಳುವವರಿಗೆ ಪಾಸ್‌ಪೋರ್ಟನ್ನಾಗಲೀ ನೋಂದಣಿ ಪತ್ರವನ್ನಾಗಲೀ ಕೈಗೆ ಕೊಡಬೇಡಿ.